ದಿಬ್ಬದ ದ

ನನ್ನ ವಾರಗಿತ್ತಿಯನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಕೇಳಬೇಕೆಂದಿದ್ದವರು ಬೇರೆ ಯಾರನ್ನಾದರೂ ಕೇಳಿಕೊಳ್ಳಲಿ. ಈ ಬೀದಿಯಲ್ಲಿ ಅಂಥವರಿಗೇನೂ ಬರವಿಲ್ಲ. ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಇದ್ದ ಒಂದು ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡಿದ್ದೇವೆ. ಅಂಗಳದ ನಲ್ಲಿ ಮಾತ್ರ ಒಂದೇ. ಅವಳ ಬಕೆಟ್ಟು ತುಂಬುವಾಗ ನಾನು ಆಕಾಶ ನೋಡುತ್ತೇನೆ, ನನ್ನದು ತುಂಬುವಾಗ ಅವಳು ಉಗುರು ನೋಡಿಕೊಳ್ಳುತ್ತಾಳೆ. ಎರಡು ವರ್ಷದ ಮೇಲಾಯಿತು, ಮಾತಿಲ್ಲ.

ಅವಳ ಕೆಲಸ ಊರಿಗೆ ನೀರು ಬಿಡುವುದು. ಊರೆಲ್ಲ ಅವಳನ್ನು ನೀರಕ್ಕ ಅನ್ನುತ್ತದೆ. ನಮ್ಮ ಊರು ಒಂದು ದಿಬ್ಬಕ್ಕೆ ಅಂಟಿಕೊಂಡಿದೆ. ಬುಡದಲ್ಲಿ ಪಂಪ್‌ಹೌಸು, ನೆತ್ತಿಯಲ್ಲಿ ಟ್ಯಾಂಕು, ನಡುವೆ ಐದು ತಿರುವುಗಳ ರಸ್ತೆ. ನಮ್ಮ ಮನೆ ಮೂರನೆಯ ತಿರುವಿನಲ್ಲಿ, ಅಡುಗೆಮನೆ ಕಿಟಕಿ ರಸ್ತೆಗೇ ತೆರೆದುಕೊಂಡಿದೆ. ಬೆಳಿಗ್ಗೆ ಪಂಪು ನಿಲ್ಲಿಸಿ, ಬೀಗ ಹಾಕಿ, ವಾಲ್ವು ತಿರುಗಿಸುವ ಕೀಲಿ ತೆಗೆದುಕೊಂಡು ಮೇಲೆ ಹೋಗಿ ಆರಕ್ಕೆ ಸರಿಯಾಗಿ ನೀರು ಬಿಡಬೇಕು. ಆ ಕೀಲಿ ಜೇಬಿನಲ್ಲಿಡುವಂಥದ್ದಲ್ಲ. ಎದೆಯುದ್ದದ ಕಬ್ಬಿಣದ ಸರಳು, ತಲೆಗೆ ಒಂದು ಅಡ್ಡಪಟ್ಟಿ, ದೊಡ್ಡ ಕುಂಬಳಕಾಯಿಯಷ್ಟು ಭಾರ. ಮೇಲೆಯೇ ಬಿಟ್ಟು ಬಂದರೆ ತಮ್ಮ ಬೀದಿಗೆ ತಾವೇ ನೀರು ಬಿಟ್ಟುಕೊಳ್ಳುವ ಮಹಾತ್ಮರು ನಮ್ಮಲ್ಲಿದ್ದಾರೆ. ಹಾಗಾಗಿ ದಿನವೂ ಹೊರಲೇಬೇಕು.

ಹದಿನೆಂಟು ವರ್ಷ ಈ ಕೆಲಸ ಮಾಡಿದ್ದು ನಮ್ಮ ಭಾವ. ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು, ಬಾಯಲ್ಲಿ ಏನೋ ಗುನುಗಿಕೊಂಡು ದಿಬ್ಬ ಹತ್ತಿಬಿಡುತ್ತಿದ್ದರು. ಮೂರು ದಿನದ ಜ್ವರದಲ್ಲಿ ಹೋದರು. ಮನೆಯವರೊಬ್ಬರಿಗೆ ಕೆಲಸ ಕೊಡುತ್ತೇವೆ ಎಂದು ನೀರಿನ ಕಚೇರಿಯವರು ಹೇಳಿಕಳಿಸಿದಾಗ ನಾನು ಬೀದಿಗೆಲ್ಲ ಸಾರಿಬಿಟ್ಟೆ, ಇನ್ನು ನಮ್ಮನೆಯವರೇ ನೀರು ಬಿಡುವುದು ಎಂದು. ನಮ್ಮನೆಯವರ ಹತ್ತಿರ ಮೋಟಾರ್ ಸೈಕಲ್ಲಿತ್ತು, ಕೆಲಸವೊಂದೇ ಇರಲಿಲ್ಲ. ಆಗ ಇವಳು, ಮನೆ ಹೊಸ್ತಿಲು ದಾಟಿ ಹೆಚ್ಚು ದೂರ ಹೋಗದಿದ್ದವಳು, ಎದ್ದು ನಿಂತು "ನಾನೇ ಹೋಗ್ತೀನಿ" ಅಂದಳು. ಅಷ್ಟೇ. ಗೋಡೆ ಎದ್ದಿದ್ದು ಆ ತಿಂಗಳು.

ಅವಳಿಗೆ ಮಕ್ಕಳಿಲ್ಲ, ತವರಿಲ್ಲ, ಈ ಕೆಲಸ ಬಿಟ್ಟರೆ ಬೇರೆ ದಾರಿ ಇಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಹೊಟ್ಟೆ ಉರಿಯುವುದು ನಿಲ್ಲಲಿಲ್ಲ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ಅವಳೇ ಹೇಳುತ್ತಾಳೆ. ನಾನು ಮದುವೆಯಾಗಿ ಬಂದಾಗ ನನಗೆ ಸಹಿ ಹಾಕುವುದು ಬಿಟ್ಟು ಒಂದಕ್ಷರ ಬರುತ್ತಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣ ಹಿಡಿಸಿ ಅ ಆ ಇ ಈ ಕಲಿಸಿದವಳು ಅವಳು. ಎಲ್ಲ ಬಂತು, ಒಂದು ಚಟ ಮಾತ್ರ ಹೋಗಲಿಲ್ಲ. ದ ಬರೆಯಬೇಕಾದ ಕಡೆ ಕೆಳಗೊಂದು ಗೀಟೆಳೆದು ಧ ಮಾಡುತ್ತಿದ್ದೆ, ಬ ಇರಬೇಕಾದ ಕಡೆ ಭ. ಹಾಗೆ ಬರೆದರೆ ಬರಹಕ್ಕೆ ಒಂದು ತೂಕ ಬರುತ್ತದೆ ಅನ್ನಿಸುತ್ತಿತ್ತು. "ಏ ಹುಡುಗಿ, ಸಿಕ್ಕಿದ್ದಕ್ಕೆಲ್ಲ ಯಾಕೆ ಹೊಟ್ಟೆ ಸೀಳ್ತೀಯ? ಅವೇನು ನಿಂಗೆ ಮಾಡಿವೆ?" ಎಂದು ಅವಳು ನಗುತ್ತಿದ್ದಳು. ನಾಲ್ಕು ಜನರ ಮುಂದೆ ಅದನ್ನೇ ಹೇಳಿಯೂ ನಗುತ್ತಿದ್ದಳು. ಈಗ ನಾನು ಜೆರಾಕ್ಸ್ ಅಂಗಡಿಯಲ್ಲಿ ಕೂತು ಜನರಿಗೆ ಫಾರಂ ತುಂಬಿಕೊಡುತ್ತೇನೆ, ಅರ್ಜಿ ಬರೆದುಕೊಡುತ್ತೇನೆ. ಎಲ್ಲರೂ ನನ್ನ ಅಕ್ಷರ ದುಂಡಗಿದೆ ಅನ್ನುತ್ತಾರೆ.

ಮೊದಲ ಎರಡು ವರ್ಷ ಅವಳು ಸೈಕಲ್ಲನ್ನು ಏರಿದ್ದೇ ಅಪರೂಪ. ಕೀಲಿಯನ್ನು ಕ್ಯಾರಿಯರಿಗೆ ಕಟ್ಟಿ, ಹ್ಯಾಂಡಲ್ ಹಿಡಿದು ನೂಕಿಕೊಂಡು ಹೋಗುತ್ತಿದ್ದಳು. ಆಗ ಪಂಪಿಗೆ ಕರೆಂಟು ಐದೂಕಾಲಿಗೇ ಹೋಗುತ್ತಿತ್ತು, ನಡೆದು ಹೋಗಲು ಬೇಕಾದಷ್ಟು ಹೊತ್ತಿತ್ತು. ಆಮೇಲೆ ಕರೆಂಟಿನ ಹೊತ್ತು ಬದಲಾಗಿ ಐದು ನಲವತ್ತರ ತನಕ ಪಂಪು ಓಡತೊಡಗಿತು. ಉಳಿದಿದ್ದು ಇಪ್ಪತ್ತು ನಿಮಿಷ. ನೂಕಿಕೊಂಡು ಹತ್ತಲು ಅವಳಿಗೆ ನಲವತ್ತು ಬೇಕು. ನೀರು ಆರರ ಬದಲು ಆರೂ ಇಪ್ಪತ್ತಕ್ಕೆ ಬರತೊಡಗಿತು. ಶಾಲೆಗೆ ಹೋಗುವವರು, ಕೆಲಸಕ್ಕೆ ಓಡುವವರು, ಎಲ್ಲರೂ ಗೊಣಗಿದರು. ಗೊಣಗುವುದು ಬೇರೆ, ಬರೆಯುವುದು ಬೇರೆ. ಬರೆದವಳು ನಾನು.

ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿ ಇಲ್ಲದಾಗ ಕೂತು, ನನ್ನ ಅಕ್ಷರದ ಗುರುತು ಸಿಗದಿರಲಿ ಎಂದು ಎಡಕ್ಕೆ ವಾಲಿಸಿ ವಾಲಿಸಿ ಕಚೇರಿಗೆ ಒಂದು ಪುಟ ಅರ್ಜಿ ಬರೆದೆ. ಆ ಹೆಂಗಸಿಗೆ ದಿಬ್ಬ ಹತ್ತುವ ಶಕ್ತಿ ಇಲ್ಲ, ವಾಹನ ಇರುವ ಗಂಡಸರನ್ನು ನೇಮಿಸಿ ಎಂಬುದು ಸಾರಾಂಶ. ಕೆಳಗೆ ಹನ್ನೆರಡು ಮನೆಯವರ ಸಹಿ. ಹನ್ನೆರಡನ್ನೂ ನಾನೇ ಹಾಕಿದೆ, ಎಡಗೈಯಲ್ಲಿ ಆರು, ಬಲಗೈಯಲ್ಲಿ ಆರು.

ಒಂದು ವಾರಕ್ಕೆ ಕಚೇರಿಯ ಇಂಜಿನಿಯರು ಜೀಪಿನಲ್ಲಿ ಬಂದರು. ನಮ್ಮನೆ ಎದುರಿನ ಬೀದಿ ನಲ್ಲಿಯ ಮುಂದೆ ಎಲ್ಲರೂ ಕೊಡ ಹಿಡಿದು ನಿಂತಿದ್ದಾಗಲೇ ಅರ್ಜಿಯ ಒಂದು ಪ್ರತಿಯನ್ನು ಅವಳ ಕೈಗೆ ಕೊಟ್ಟರು.

"ನೋಡೀಮ್ಮ, ನಾನು ಯಾರ ಪರಾನೂ ಅಲ್ಲ. ಒಂದು ತಿಂಗಳು ಟೈಮ್ ಕೊಡ್ತೀನಿ. ಬರೋ ಒಂದನೇ ತಾರೀಕು ಟ್ಯಾಂಕ್ ಹತ್ರ ನಾನೇ ನಿಂತಿರ್ತೀನಿ. ಆರಕ್ಕೆ ನೀರು ಬಿಟ್ರೆ ಸರಿ. ಇಲ್ಲಾಂದ್ರೆ ಗಾಡಿ ಇರೋರಿಗೆ ಕೊಡ್ಬೇಕಾಗುತ್ತೆ."

ಅವಳು ಹಾಳೆಯನ್ನು ಪೂರ್ತಿ ಓದಿದಳು. ಒಂದು ಸಲ ತಲೆ ಎತ್ತಿ ನನ್ನ ಕಡೆ ನೋಡಿದಳು, ಅಥವಾ ನನ್ನ ಹಿಂದಿದ್ದ ಗೋಡೆಯನ್ನು ನೋಡಿದಳೋ ಏನೋ. ಹಾಳೆ ಮಡಿಸಿ ಇಟ್ಟುಕೊಂಡು "ಆಯ್ತು ಸಾರ್" ಅಂದಳು. ನಾನು ಒಳಗೆ ಬಂದು ನಮ್ಮನೆಯವರಿಗೆ ಗಾಡಿ ತೊಳೆದಿಡಲು ಹೇಳಿದೆ.

ಮರುದಿನದಿಂದ ಅವಳು ಸೈಕಲ್ ತುಳಿಯತೊಡಗಿದಳು. ನಲವತ್ತಾರು ವರ್ಷದ ಹೆಂಗಸು, ಭಾವನ ಹಳೆಯ ಪ್ಯಾಂಟನ್ನು ಸೊಂಟಕ್ಕೆ ಹಗ್ಗ ಬಿಗಿದು ತೊಟ್ಟುಕೊಂಡು, ಹಲ್ಲು ಕಚ್ಚಿ, ಸೀಟಿನಿಂದ ಎದ್ದು ನಿಂತು ದಬದಬ ತುಳಿದಳು. ಎರಡನೆಯ ತಿರುವಿನ ತನಕ ರಸ್ತೆ ಸುಮಾರಾಗಿದೆ. ಅಲ್ಲಿಂದ ಮುಂದೆ ಗೋಡೆ ಹತ್ತಿದ ಹಾಗೆ. ಆ ತಿರುವಿನಲ್ಲೇ ಅವಳ ದಮ್ಮು ಮುಗಿಯಿತು. ಇಳಿದು, ಚರಂಡಿ ಕಟ್ಟೆ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ಕೆಮ್ಮಿದಳು. ಕ್ಯಾರಿಯರಿನಲ್ಲಿದ್ದ ಕೀಲಿಯ ಭಾರಕ್ಕೆ ಮುಂದಿನ ಚಕ್ರ ಎದ್ದೆದ್ದು ಬರುತ್ತಿತ್ತು. ನಾನು ಕಿಟಕಿಯಲ್ಲಿ ನಿಂತು ಕಾಫಿ ಕುಡಿದೆ. ಅಷ್ಟು ರುಚಿಯಾದ ಕಾಫಿ ನಾನು ಎಂದೂ ಕುಡಿದಿರಲಿಲ್ಲ.

ನಮ್ಮ ಅಂಗಡಿಯ ಪಕ್ಕದ್ದೇ ಸೈಕಲ್ ಶಾಪು. ಅದರ ಯಜಮಾನನನ್ನು ಎಲ್ಲರೂ ಪಂಚರ್ ತಾತ ಅನ್ನುತ್ತಾರೆ. ಮಾತಿಗೆ ನಿಂತರೆ ನಿಮ್ಮ ಟ್ಯೂಬಿನ ಗಾಳಿ ಹೋದರೂ ಅವನ ಬಾಯಿಯ ಗಾಳಿ ಹೋಗುವುದಿಲ್ಲ. ಮೂರನೆಯ ದಿನ ಅವಳು ಸೈಕಲ್ ನೂಕಿಕೊಂಡು ಅಲ್ಲಿಗೆ ಬಂದಳು. ನಾನು ಫಾರಂ ತುಂಬುವವಳ ಹಾಗೆ ತಲೆ ಬಗ್ಗಿಸಿ ಕಿವಿ ಕೊಟ್ಟೆ.

"ಸೀಟು ಯಾಕಮ್ಮ ಇಷ್ಟು ತಗ್ಗಿಸಿದೀಯ?"

"ಕಾಲು ನೆಲಕ್ಕೆ ಸಿಗ್ಲಿ ಅಂತ."

"ನೆಲ ಮುಟ್ಟೋಕಾದ್ರೆ ಸೈಕಲ್ ಯಾಕೆ, ಸ್ಟೂಲ್ ಮೇಲೆ ಕೂತ್ಕೋ. ಎರಡು ಬೆರಳು ಎತ್ತರಿಸ್ತೀನಿ. ಹಿಂದಿನ ಹಲ್ಲಿನ ಚಕ್ರ ದೊಡ್ಡದು ಹಾಕ್ತೀನಿ, ಜಾಸ್ತಿ ಸುತ್ತು ತುಳೀಬೇಕು, ಕಮ್ಮಿ ಬಲ ಸಾಕು. ಆ ಕೀಲೀನ ಹಿಂದೆ ಕಟ್ಬೇಡ, ನಡುವಿನ ಬಾರಿಗೆ ಉದ್ದಕ್ಕೆ ಬಿಗಿ. ಎದ್ದು ನಿಂತು ತುಳಿಯೋದು ಬಿಡು, ಕೂತ್ಕೊಂಡೇ ಹತ್ತು."

"ಉಸಿರೇ ಸಾಲಲ್ಲ ತಾತ."

"ಉಸಿರು ಸಾಲುತ್ತೆ, ನೀನು ದುಂದು ಮಾಡ್ತಿದೀಯ. ಮಾತಾಡ್ಕೊಂಡು ಹತ್ತು. ಮಾತು ನಿಲ್ತು ಅಂದ್ರೆ ಜಾಸ್ತಿ ತುಳೀತಿದೀಯ ಅಂತ. ಆಗ ನಿಧಾನ ಮಾಡು."

"ಒಬ್ಳೇ ಏನು ಮಾತಾಡ್ಲಿ? ಹುಚ್ಚಿ ಅಂತಾರೆ."

"ಅಂತಾರೆ ಬಿಡು. ಏನು ನೆನಪಿದೆಯೋ ಅದನ್ನ ಹೇಳು."

ಅವಳಿಗೆ ಏನು ನೆನಪಿತ್ತು ಎಂಬುದು ಮರುದಿನ ಗೊತ್ತಾಯಿತು. ಬೆಳಗಿನ ಮಬ್ಬಿನಲ್ಲಿ ಕೆಳಗಿನ ತಿರುವಿನಿಂದ ದನಿ ಬಂತು: "ಕ... ಕೀಲಿಯ ಕ. ಗ... ಗಾಲಿಯ ಗ. ಚ... ಚೈನಿನ ಚ." ಅಷ್ಟಕ್ಕೇ ನಿಂತಿತು. ಆ ಇಡೀ ವಾರ ಅವಳ ಸವಾರಿ ಜ ದಾಟಲಿಲ್ಲ. ಶಾಲೆ ಬಿಟ್ಟು ಮೂವತ್ತು ವರ್ಷವಾದ ಮೇಲೆ ಅಕ್ಷರಮಾಲೆ ಹೇಳಿಕೊಂಡು ದಿಬ್ಬ ಹತ್ತುವ ಹೆಂಗಸನ್ನು ನಾನು ನೋಡಿದ್ದು ಅದೇ ಮೊದಲು. ತಲೆ ಕೆಟ್ಟಿದೆ ಎಂದು ನಮ್ಮನೆಯವರಿಗೆ ಹೇಳಿದೆ. ಅವರು ಮಗ್ಗುಲು ಬದಲಿಸಿ ಮಲಗಿದರು.

ಎರಡನೆಯ ವಾರ ಟ ಠ ಕೇಳಿಸಿತು. ಅವಳದೊಂದು ಲೆಕ್ಕವೂ ಅರ್ಥವಾಯಿತು. ಙ, ಞ, ಣ ಇವುಗಳಿಂದ ಶುರುವಾಗುವ ಪದಗಳಿಲ್ಲವಲ್ಲ, ಅಲ್ಲಿ ಅವಳು ಬಾಯಿ ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಳ್ಳುತ್ತಿದ್ದಳು. ಖ, ಘ, ಠ ಬಂದಾಗ ಎದೆಯಿಂದ ಉಸಿರನ್ನು ಹೊರಗೆ ತಳ್ಳುತ್ತಿದ್ದಳು. ನೇರವಾಗಿ ಹತ್ತದೆ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಸೊಟ್ಟಗೆ ಬರುತ್ತಿದ್ದಳು. ಪ್ರತಿ ದಿನ ಹತ್ತು ಗಜ, ಹದಿನೈದು ಗಜ ನನ್ನ ಕಿಟಕಿಗೆ ಹತ್ತಿರವಾಗುತ್ತಿದ್ದಳು. ನನ್ನ ಕಾಫಿ ಕಹಿಯಾಗತೊಡಗಿತು.

ಬಟ್ಟೆ ನೆನೆಸಿದ ಸೋಪಿನ ನೀರನ್ನು ನಾನು ಮೊದಲ ಸಲ ರಸ್ತೆಗೆ ಚೆಲ್ಲಿದ್ದು ಆಕಸ್ಮಿಕ. ಎರಡನೆಯ ಸಲ ಅಲ್ಲ. ಮೂರನೆಯ ವಾರದ ಶುರುವಿನಲ್ಲಿ ಅವಳು ಮೊದಲ ಬಾರಿಗೆ ನಮ್ಮ ತಿರುವಿಗೆ ಬಂದಳು. ಹಿಂದಿನ ಚಕ್ರ ನೊರೆಯಲ್ಲಿ ಜಾರಿ, ಸೈಕಲ್ಲು, ಕೀಲಿ, ಹೆಂಗಸು ಮೂರೂ ಒಟ್ಟಿಗೆ ಬಿದ್ದವು. ಕಬ್ಬಿಣದ ಸದ್ದಿಗೆ ನಾನು ಬಕೆಟ್ಟು ಕೆಳಗಿಟ್ಟೆ, ನಿಜ. ಅವಳು ಎದ್ದು, ಮೊಣಕಾಲಿನ ರಕ್ತ ಒರೆಸಿಕೊಂಡು, ಮೊದಲು ನೀರನ್ನು ನೋಡಿದಳು, ಆಮೇಲೆ ಕಿಟಕಿಯನ್ನು. ಬೈಯುತ್ತಾಳೆ ಎಂದು ನಾನೂ ತಯಾರಾಗಿ ನಿಂತಿದ್ದೆ, ನನ್ನ ಬಾಯಲ್ಲೂ ನಾಲ್ಕು ಮಾತು ಸಿದ್ಧವಿತ್ತು. ಅವಳು ಸೈಕಲ್ ತಿರುಗಿಸಿ ಮತ್ತೆ ಎರಡನೆಯ ತಿರುವಿಗೆ ಇಳಿದು, ಕ ದಿಂದ ಶುರುಮಾಡಿದಳು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನಾನು ಚೆಲ್ಲುವುದು ಬಿಡಲಿಲ್ಲ. ಅವಳು ಬರುವುದು ಬಿಡಲಿಲ್ಲ. ದಿನಾ ಬೆಳಿಗ್ಗೆ ನಮ್ಮಿಬ್ಬರಿಗೂ ಅದೇ ಕೆಲಸವಾಯಿತು. ಅವಳು ಒದ್ದೆಯ ಅಂಚು ಹುಡುಕಿ, ಸೀಟಿನ ಮೇಲೆ ಗಟ್ಟಿಯಾಗಿ ಕೂತು, ಪೆಡಲನ್ನು ಒದೆಯದೆ ಮೆಲ್ಲಗೆ ಒತ್ತಿಕೊಂಡು ದಾಟುವುದನ್ನು ಕಲಿತಳು. ಸರಿಯಾಗಿ ನನ್ನ ಕಿಟಕಿಯ ಕೆಳಗೆ ಬಂದಾಗ ಅವಳ ಬಾಯಲ್ಲಿ ತ ಥ ದ ಧ ನ ಇರುತ್ತಿತ್ತು. ಬೇರೆ ಅಕ್ಷರಗಳನ್ನು ಒಂದೊಂದು ಸಲ ಹೇಳಿದರೆ, ಇಲ್ಲಿ ಮಾತ್ರ ದನಿ ಎತ್ತರಿಸಿ, ಬಿಡಿಸಿ ಬಿಡಿಸಿ, ಕಿವುಡಿಗೆ ಹೇಳಿದ ಹಾಗೆ: "ದ. ದಿಬ್ಬದ ದ. ದಿಬ್ಬಕ್ಕೆ ಬರೀ ದ. ಧ. ಧಣಿಯ ಧ." ಮುಂದಿನ ಕಂಬದ ಹತ್ತಿರ "ಬ, ಬೇಗದ ಬ. ಭ, ಭಾರದ ಭ." ಹಾಳಾದವಳು ಉಸಿರು ಹೆಚ್ಚಾಗಿದೆ ಎಂದು ತೋರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ನನಗೆ ಅದಕ್ಕಿಂತ ಹೆಚ್ಚು ಹೊಳೆಯಲಿಲ್ಲ.

ಕೊನೆಯ ವಾರ ಅವಳ ದನಿ ಐದನೆಯ ತಿರುವನ್ನೂ ದಾಟಿ ಟ್ಯಾಂಕಿನ ಗೇಟಿನ ತನಕ ಹೋಗತೊಡಗಿತು. ಶ, ಷ, ಸ, ಹ. ಕೊನೆಯ ಳ ಗೆ ಪದವಿಲ್ಲ, ಅಲ್ಲಿ ಉಸಿರು ಬಿಡುತ್ತಿದ್ದಳೆಂದು ಕಾಣುತ್ತದೆ. ನನ್ನ ಗಡಿಯಾರದಲ್ಲಿ ಒಂದು ದಿನ ಆರೂ ಐದಕ್ಕೆ ನಲ್ಲಿ ಬುಸುಗುಟ್ಟಿತು, ಮರುದಿನ ಆರೂ ಎರಡಕ್ಕೆ. ಬೀದಿಯವರು ಅವಳಿಗೆ ದಾರಿ ಬಿಡತೊಡಗಿದರು. ಮೊನ್ನೆಯವರೆಗೆ ಗೊಣಗುತ್ತಿದ್ದವರೇ "ಹೂಂ ನೀರಕ್ಕ, ಬಿಡಬೇಡ" ಅನ್ನತೊಡಗಿದರು. ಬೆನ್ನುಮೂಳೆ ಇಲ್ಲದ ಜನ.

ಒಂದನೇ ತಾರೀಕು. ನಮ್ಮನೆಯವರು ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು, ತಲೆ ಬಾಚಿ, ಐದೂವರೆಗೇ ಗಾಡಿಯಲ್ಲಿ ಮೇಲೆ ಹೋದರು. ನಾನು ಕಿಟಕಿಯಲ್ಲಿ ನಿಂತೆ. ಕೈಯಲ್ಲಿ ಬಕೆಟ್ಟಿತ್ತು, ಅಂದು ಸೋಪು ಎರಡರಷ್ಟು ಹಾಕಿದ್ದೆ. ಇವತ್ತೊಂದು ದಿನ ಬೇಡ ಎಂದು ಒಂದು ಗಳಿಗೆ ಅನ್ನಿಸಿತು. ಅವಳ ಮೊಣಕಾಲು ನೆನಪಾಯಿತು, ಅವಳಿಗೆ ಬೇರೆ ದಾರಿ ಇಲ್ಲವೆಂಬುದೂ ನೆನಪಾಯಿತು. ಸುಳ್ಳು ಯಾಕೆ ಹೇಳಲಿ, ಆಮೇಲೆ ಚೆಲ್ಲಿದೆ. ಪೂರ್ತಿ ಬಕೆಟ್ಟು.

ಅವಳು ಬಂದಳು. ತಿರುವಿನಲ್ಲಿ ಹೊಳೆಯುತ್ತಿದ್ದ ನೊರೆಯನ್ನು ನೋಡಿ ಮುಖದ ಗೆರೆಯೂ ಅಲುಗಲಿಲ್ಲ. ಎಡದ ಅಂಚಿಗೆ ಸರಿದು, ಕಲ್ಲಿನ ಪಕ್ಕದ ಗೇಣಗಲದ ಒಣ ಜಾಗದಲ್ಲಿ ಚಕ್ರ ಇಟ್ಟು, "ದ, ದಿಬ್ಬದ ದ" ಎನ್ನುತ್ತಾ ದಾಟಿಹೋದಳು. ಬೇರೆ ಯಾರಾದರೂ ಆಗಿದ್ದರೆ ಮಗುಚಿ ಬೀಳುತ್ತಿದ್ದರು. ಇವಳಿಗೆ ಎರಡು ವಾರ ಆ ಒದ್ದೆ ತಿರುವಿನಲ್ಲಿ ಅಭ್ಯಾಸ ಮಾಡಿಸಿದವಳು ನಾನೇ ಅಲ್ಲವೇ.

ನಾನು ಬಕೆಟ್ಟು ಬಿಸಾಕಿ, ಮನೆಗಳ ನಡುವಿನ ಮೆಟ್ಟಿಲ ದಾರಿಯಲ್ಲಿ ಓಡಿದೆ. ಮೇಲೆ ತಲುಪುವಷ್ಟರಲ್ಲಿ ನನಗೆ ಕಣ್ಣು ಕತ್ತಲೆ ಬಂತು, ಗೇಟಿನ ಕಂಬ ಹಿಡಿದುಕೊಂಡು ನಿಂತೆ. ಅವಳು ಆಗಷ್ಟೇ ಇಳಿದಿದ್ದಳು. ಮುಖದಿಂದ ಬೆವರು ಇಳಿಯುತ್ತಿತ್ತು, ಆದರೆ ಮಾತಾಡುವ ಉಸಿರಿತ್ತು. ನನಗೆ ಅದೂ ಇರಲಿಲ್ಲ.

"ಐದು ಐವತ್ತೇಳು," ಅಂದರು ಇಂಜಿನಿಯರು. "ಸಾಕಮ್ಮ, ಬಿಡಿ ನೀರು."

"ಇನ್ನೂ ಮೂರು ನಿಮಿಷ ಇದೆ ಸಾರ್. ಆರು ಅಂದ್ರೆ ಆರು."

ಬಾರಿನಿಂದ ಕೀಲಿ ಬಿಚ್ಚಿ, ವಾಲ್ವಿನ ಗುಂಡಿಗೆ ಇಳಿಸಿ, ಅಡ್ಡಪಟ್ಟಿಯ ಮೇಲೆ ಕೈಯಿಟ್ಟುಕೊಂಡು ಅವಳು ಕಾದಳು. ಎಲ್ಲರೂ ಕಾದೆವು. ಇಂಜಿನಿಯರು ತಲೆಯಾಡಿಸಿದಾಗ ಹನ್ನೊಂದು ಸುತ್ತು ತಿರುಗಿಸಿದಳು. ನೆಲದೊಳಗೆ ನೀರು ಗುಡುಗುಟ್ಟಿಕೊಂಡು ಇಳಿಯಿತು. ನಮ್ಮನೆಯವರು ಗಾಡಿಯ ಕನ್ನಡಿಯಲ್ಲಿ ತಲೆ ಬಾಚಿಕೊಂಡಿದ್ದೇ ಬಂತು.

ಅಷ್ಟಕ್ಕೇ ಮುಗಿದಿದ್ದರೆ ನಾನು ಸೋತೆ ಎಂದುಕೊಂಡು ಮನೆಗೆ ಹೋಗುತ್ತಿದ್ದೆ. ಇಂಜಿನಿಯರು ಚೀಲದಿಂದ ಅರ್ಜಿ ತೆಗೆದರು.

"ಇದರಲ್ಲಿ ಹನ್ನೆರಡು ಸಹಿ ಇದೆ. ನಾನು ಐದು ಜನಾನ ಕೇಳ್ದೆ. ಒಬ್ರೂ ಹಾಕಿಲ್ವಂತೆ. ಕಳ್ಳ ಸಹಿ ಅಂದ್ರೆ ಪೊಲೀಸ್ ಕೇಸು. ಇದು ಯಾರ ಬರಹ ಅಂತ ನಿಮಗೇನಾದ್ರೂ ಗೊತ್ತಾ?"

ನಾನು ಗೇಟಿನ ಕಂಬದ ಹಿಂದಕ್ಕೆ ಸರಿದೆ. ಅವಳು ನನ್ನ ಕಡೆ ತಿರುಗಲಿಲ್ಲ. ತೋಳಿನಿಂದ ಮುಖ ಒರೆಸಿಕೊಂಡು, ಕೀಲಿಯನ್ನು ಗುಂಡಿಯಿಂದ ಎಳೆದು ಹೆಗಲಿಗಿಟ್ಟಳು.

"ಅಕ್ಷರ ನೆಟ್ಟಗೆ ಬರದೇ ಇರೋರು ಯಾರೋ ಸಾರ್. ಕಲಿಸಿದೋರದೇ ತಪ್ಪು."

ಇಂಜಿನಿಯರಿಗೆ ಅರ್ಥವಾಗಲಿಲ್ಲ. ನಕ್ಕು ಜೀಪು ಹತ್ತಿದರು. ನನಗೆ ಅರ್ಥವಾಯಿತು. ಎರಡು ವಾರ ನನ್ನ ಕಿಟಕಿಯ ಕೆಳಗೆ ಅವಳು ಅಷ್ಟು ಬಿಡಿಸಿ ಹೇಳಿದ್ದು ಯಾಕೆಂದು ಆ ಗೇಟಿನ ಕಂಬ ಹಿಡಿದುಕೊಂಡೇ ಅರ್ಥವಾಯಿತು. ಅಂದು ಬೀದಿ ನಲ್ಲಿ ಮುಂದೆ ಹಾಳೆ ಓದಿದ ಗಳಿಗೆಯಲ್ಲೇ ಅವಳಿಗೆ ಗೊತ್ತಾಗಿತ್ತು. ಅಕ್ಷರವನ್ನು ಎಷ್ಟು ವಾಲಿಸಿದರೂ ಹೊಟ್ಟೆ ಸೀಳಿದ್ದು ಹಾಗೇ ಇತ್ತು. ನಾಚಿಕೆಯಿಂದ ಸಾಯುವ ಹಾಗಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಹೆಸರು ಹೇಳಿ ನನ್ನನ್ನು ಹಿಡಿಸಿಕೊಟ್ಟಿದ್ದರೆ ಅವಳನ್ನು ಜೀವಮಾನವಿಡೀ ನೆಮ್ಮದಿಯಾಗಿ ದ್ವೇಷಿಸಬಹುದಿತ್ತು. ಆ ಸುಖವನ್ನೂ ನನಗೆ ಉಳಿಸಲಿಲ್ಲ.

ಮರುದಿನ ಬೆಳಿಗ್ಗೆ ಅಂಗಳದ ನಲ್ಲಿಯ ಹತ್ತಿರ ನನ್ನ ಬಕೆಟ್ಟಿನ ಕೆಳಗೆ ಒಂದು ಹಾಳೆ ಮಡಿಸಿಟ್ಟಿತ್ತು. ಇಂಜಿನಿಯರು ಅವಳ ಕೈಗೆ ಕೊಟ್ಟಿದ್ದ ಅರ್ಜಿಯ ಅದೇ ಪ್ರತಿ. ಧಯವಿಟ್ಟು, ಭಡಾವಣೆ, ಧಿನವೂ, ಭೇಗ. ಧಿಬ್ಬ ಐದು ಕಡೆ. ಒಟ್ಟು ಹದಿನೇಳು ಅಕ್ಷರಗಳಿಗೆ ಕೆಂಪು ಶಾಯಿಯ ಸುತ್ತು. ಕೆಳಗೆ, ಅಡುಗೆಮನೆಯ ನೆಲದ ಮೇಲೆ ನಾನು ನೋಡಿ ಕಲಿತ ಅದೇ ಕೈಬರಹದಲ್ಲಿ: "ದಿಬ್ಬ. ಹತ್ತು ಸಲ ಬರಿ."

ಹರಿದು ಒಲೆಗೆ ಹಾಕಬೇಕೆಂದು ಒಳಗೆ ತಂದೆ. ಹಾಕಲಿಲ್ಲ. ಬಟ್ಟೆ ನೆನೆಸಿದ ನೀರನ್ನು ಹಿತ್ತಲಿಗೆ ಚೆಲ್ಲಿ ಬಂದು, ಬಾಗಿಲು ಹಾಕಿಕೊಂಡು, ನೆಲದ ಮೇಲೆ ಕೂತು ಬರೆದೆ. ಎಂಟನೆಯ ಸಲ ಕೈ ತಾನಾಗಿ ಕೆಳಗೊಂದು ಗೀಟೆಳೆಯಿತು. ಅದನ್ನು ಹೊಡೆದುಹಾಕಿ, ಹತ್ತರ ಬದಲು ಹನ್ನೊಂದು ಬರೆದು, ಹಾಳೆಯನ್ನು ಅವಳ ಬಕೆಟ್ಟಿನ ಕೆಳಗಿಟ್ಟೆ. ಮಾತು ಈಗಲೂ ಇಲ್ಲ.